ಮಾವನ ಬಂದೂಕಿಗೆ ಹೊಸ ಮೆರುಗು

ನಾನು ಒಂದು ಕೆಲಸಕ್ಕೆ ಕೈ ಹಾಕಿದೆನೆಂದರೆ ಆ ಕೆಲಸವೇ ಎದ್ದು ನಿಂತು ನನಗೆ ಕೈ ಮುಗಿಯಬೇಕು! ಇದನ್ನು ನನ್ನ ಹೆಂಡತಿಯೂ ಒಪ್ಪುತ್ತಾಳೆ. ಕೈ ಮುಗಿಯುವುದು ಮಾತ್ರ "ಸಾಕು, ನನ್ನನ್ನು ಬಿಟ್ಟುಬಿಡಿ" ಎಂದು ಬೇಡಿಕೊಳ್ಳುವುದಕ್ಕೆ ಎನ್ನುತ್ತಾಳೆ. ಒಮ್ಮೆ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ನಾನೇ ರಿಪೇರಿ ಮಾಡಿದೆ. ನಲ್ಲಿ ಸೋರುವುದು ನಿಂತಿತು, ಗೋಡೆ ಸೋರಲು ಶುರುವಾಯಿತು. ಅದಕ್ಕೆ ನಾನೇನು ಮಾಡಲಿ? ಗೋಡೆ ಕಟ್ಟಿದವನು ನಾನಲ್ಲವಲ್ಲ!

ಇಂಥ ನನ್ನ ಕೈಗೆ ಮಾವನವರ ಬೇಟೆ ಬಂದೂಕು ಬಂದು ಸಿಕ್ಕಿತು. ಮಾವ ತೀರಿಕೊಂಡ ಮೇಲೆ ಅದು ಮಗನಿಗೋ ಮಗಳಿಗೋ ಎಂಬ ಪ್ರಶ್ನೆ ಎದ್ದಿತ್ತು. ಮೈದುನನ ಫ್ಲ್ಯಾಟಿನಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು. ಹಾಗಾಗಿ ಅತ್ತೆ, "ಅಳಿಯಂದಿರ ಮನೇಲಿ ಒಳ್ಳೆ ಗೋಡೆ ಇದೆ" ಎಂದು ತೀರ್ಪು ಕೊಟ್ಟರು. ಸೋರಿದ ಗೋಡೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಓದುಗರು ಹೆದರಬೇಕಾಗಿಲ್ಲ. ಮಾವನವರು ಬೇಟೆ ಬಿಟ್ಟಾಗಲೇ ಕಾನೂನಿನ ಪ್ರಕಾರ ನಳಿಗೆಗೆ ಸೀಸ ಹೊಯ್ಯಿಸಿ ಅದರ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸಿದ್ದರು. ನಮ್ಮ ಮನೆಯಲ್ಲಿ ಹಾಗೆ ಬಾಯಿ ಮುಚ್ಚಿಕೊಂಡಿರುವುದು ಅದು ಮತ್ತು ನಾನು, ಇಬ್ಬರೇ.

ಗೋಡೆಯ ಮೇಲೆ ಅದನ್ನು ನೋಡಿದಾಗಲೆಲ್ಲ ನನ್ನ ಜೀವ ಚಡಪಡಿಸುತ್ತಿತ್ತು. ಮರದ ಹಿಡಿ ಬಣ್ಣಗೆಟ್ಟಿತ್ತು. ಬೆಲ್ಟು ಒಣಗಿ ಹಪ್ಪಳವಾಗಿತ್ತು. ಹಿಡಿಯು ಸಣ್ಣಗಾಗಿ ಕುದುರೆಯ, ಅಂದರೆ ಟ್ರಿಗರಿನ, ಕಡೆಗೆ ಬಾಗುವ ಕತ್ತಿನಲ್ಲಂತೂ ಮೇಲೊಂದು ಸಾಲು, ಕೆಳಗೊಂದು ಸಾಲು ಕುಳಿಗಳು! ಇಲಿಯ ಕೆಲಸವಿರಬೇಕು. ಎಂಥ ಶೂರ ಬೇಟೆಗಾರನ ಬಂದೂಕು ಕೊನೆಗೆ ಇಲಿಯ ಬಾಯಿಗೆ ಬಿತ್ತಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಮಾವನವರನ್ನು ಕಂಡರೆ ನನಗೆ ಬಹಳ ಪ್ರೀತಿ. ನನ್ನ ನಗೆಚಾಟಿಕೆಗೆ ಮನಸಾರೆ ನಕ್ಕ ಏಕೈಕ ಮನುಷ್ಯ ಅವರು.

ಆ ವಾರ ಹೆಂಡತಿ ತನ್ನ ತಾಯಿಯನ್ನು ಕರೆತರಲು ಹೊರಟಳು. ಬಾಗಿಲಲ್ಲಿ ನಿಂತು ಎರಡೇ ಮಾತು ಹೇಳಿದಳು. "ಊಟ ಫ್ರಿಜ್ಜಲ್ಲಿದೆ. ಯಾವುದನ್ನೂ ರಿಪೇರಿ ಮಾಡಬೇಡಿ."

ರಿಪೇರಿ ಬೇರೆ, ನವೀಕರಣ ಬೇರೆ! ಅದರಲ್ಲೂ ನಾನು ಮಾಡಲು ಹೊರಟಿದ್ದು ಸದಭಿರುಚಿಯ ನವೀಕರಣ. ಹಳೆಯದರ ಘನತೆಗೆ ಧಕ್ಕೆಯಾಗದ ಹಾಗೆ, ನೋಡಿದವರು "ಆಹಾ" ಎನ್ನುವ ಹಾಗೆ. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಬಂದೂಕನ್ನು ಮಲಗಿಸಿ ಶಸ್ತ್ರಚಿಕಿತ್ಸೆಗೆ ಇಳಿದೆ. ಇಲಿ ಕಡಿದ ಕುಳಿಗಳಿಗೆ ಪುಟ್ಟಿ ಮೆತ್ತಿದೆ. ಸ್ಯಾಂಡ್‌ಪೇಪರಿನಿಂದ ತಿಕ್ಕಿದೆ, ತಿಕ್ಕಿದೆ, ನನ್ನ ಬೆರಳಿನ ರೇಖೆಗಳು ಅಳಿಯುವವರೆಗೂ ತಿಕ್ಕಿದೆ. ಅಗಸೆ ಎಣ್ಣೆ ಉಜ್ಜಿದೆ, ವಾರ್ನಿಷ್ ಹೊಡೆದೆ, ಹೊಸ ಚರ್ಮದ ಬೆಲ್ಟು ತೊಡಿಸಿದೆ. ಶನಿವಾರದ ಹೊತ್ತಿಗೆ ಬಂದೂಕು ಮದುಮಗನ ಹಾಗೆ ಮಿಂಚುತ್ತಿತ್ತು! ಆ ಸಂಭ್ರಮದಲ್ಲಿ ಹೆಂಡತಿಗೆ ಫೋನ್ ಮಾಡಿದೆ.

"ನಿನಗೊಂದು ಆಶ್ಚರ್ಯ ಕಾದಿದೆ ಕಣೇ! ನಿಮ್ಮಪ್ಪನ ಬಂದೂಕು..."

"ಅಯ್ಯೋ, ಬಂದೂಕಿಗೇನು ಮಾಡಿದ್ರಿ?"

"ಏನಿಲ್ಲ, ಸ್ವಲ್ಪ ಧೂಳು ಒರೆಸೋಣ ಅಂತ..."

ಅವಳ ದನಿ ಮೆತ್ತಗಾಯಿತು. "ಒರೆಸಿ. ಆದ್ರೆ ಕತ್ತಿನ ಹತ್ರ ಹಲ್ಲಿನ ಗುರುತಿದೆಯಲ್ಲ, ಅದನ್ನ ಮಾತ್ರ ಮುಟ್ಟಬೇಡಿ. ಅದು ನಂದು ರೀ. ನನಗೆ ಹಲ್ಲು ಬರ್ತಿದ್ದಾಗ ಅಪ್ಪನ ತೊಡೆ ಮೇಲೆ ಕೂತು ಕಚ್ಚಿದ್ದಂತೆ. ಅದಕ್ಕೇ ಅಪ್ಪ ಯಾವತ್ತೂ ಅದಕ್ಕೆ ಪಾಲಿಶ್ ಮಾಡಿಸಲಿಲ್ಲ. ಗುಟ್ಟಾಗಿಡು, ನಿನ್ನ ತಮ್ಮನಿಗೆ ಬೇಜಾರಾಗುತ್ತೆ ಅಂದಿದ್ರು. ಬೇಜಾರಾದಾಗ ನಾನು ಅದರ ಮೇಲೆ ಕೈ ಇಟ್ಕೊಂಡು ನಿಲ್ತೀನಿ. ನಿಮಗೆ ಗೊತ್ತೇ ಇಲ್ಲ."

ಫೋನಿಟ್ಟು ಕುರ್ಚಿಯಲ್ಲಿ ಕುಸಿದೆ. ಸುಧಾರಿಸಿಕೊಳ್ಳುವ ಮೊದಲೇ ಮತ್ತೆ ಫೋನು. ಈ ಬಾರಿ ಮೈದುನ, ಪಿಸುಮಾತಿನಲ್ಲಿ.

"ಭಾವ, ಬಂದೂಕು ಒರೆಸ್ತಿದೀರಂತೆ? ಅಕ್ಕ ಹೇಳಿದ್ಲು. ನಿಮಗೊಂದು ಗುಟ್ಟು ಹೇಳ್ತೀನಿ. ಅಕ್ಕನಿಗೆ ಹೇಳಬೇಡಿ, ಬೇಜಾರು ಮಾಡ್ಕೊಳ್ತಾಳೆ. ಅದರ ಕತ್ತಲ್ಲಿ ಹಲ್ಲಿನ ಗುರುತಿದೆಯಲ್ಲ..."

"ನಿಂದಾ?" ಎಂದೆ, ಸತ್ತ ದನಿಯಲ್ಲಿ.

"ಹೂಂ! ಅಪ್ಪ ನಿಮಗೂ ಹೇಳಿದ್ರಾ?"

ಒಂದು ಚೂರು ಸ್ಯಾಂಡ್‌ಪೇಪರಿನಲ್ಲಿ ಎರಡು ಬಾಲ್ಯಗಳನ್ನು ಅಳಿಸಿ ಹಾಕಿದ್ದೆ! ಆ ಇಬ್ಬರಿಗೂ ಅಪ್ಪನ ಪ್ರೀತಿಗೆ ಉಳಿದಿದ್ದ ಸಾಕ್ಷಿ ಅದೊಂದೇ. ಮರುದಿನ ಇಬ್ಬರೂ ಅತ್ತೆಯನ್ನು ಕರೆದುಕೊಂಡು ಬರುವವರಿದ್ದರು. ಸ್ಕ್ರೂಡ್ರೈವರ್ ಹಿಡಿದು ಪುಟ್ಟಿಯನ್ನು ಕೆದಕಿದೆ. ತಿಕ್ಕಿ ತಿಕ್ಕಿ ಮರವೇ ಸವೆದಿತ್ತು. ಪುಟ್ಟಿಯ ಕೆಳಗೆ ಹಲ್ಲೂ ಇಲ್ಲ, ಗುರುತೂ ಇಲ್ಲ. ಈಗ ಸ್ಕ್ರೂಡ್ರೈವರಿನ ಗುರುತು ಮಾತ್ರ ಇತ್ತು, ಚೆನ್ನಾಗಿತ್ತು.

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನಿಗೆ ‘ಪರಿಹಾರ’ ಎಂದು ಅಡ್ಡಹೆಸರು. ಲೋಕದ ಯಾವ ತೊಂದರೆಗೂ ಅವನಲ್ಲಿ ಮದ್ದುಂಟು. ಭಾನುವಾರ ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿ ಅಲವತ್ತುಕೊಂಡೆ.

"ಇಷ್ಟಕ್ಕೆಲ್ಲ ಅಳ್ತೀಯಾ? ಹಲ್ಲಿನ ಗುರುತು ಬೇಕಾ? ನಿನ್ನ ಬಾಯಲ್ಲಿ ಹಲ್ಲಿಲ್ವಾ? ಹಸಿ ಪುಟ್ಟಿ ಮೆತ್ತು, ಒಂದ್ಸಲ ಕಚ್ಚು, ಬಿಡು. ಮುಗೀತು!"

ಆಹಾ, ಎಂಥ ತಲೆ! ಅಂಗಡಿಗೆ ಓಡಿ ಹೊಸ ಪುಟ್ಟಿ ತಂದೆ. "ಇದು ಕೊಂಚ ಬೇಗ ಹಿಡಿಯುತ್ತೆ ಸಾರ್" ಎಂದು ಅಂಗಡಿಯವನು ಏನೋ ಹೇಳುತ್ತಿದ್ದ. ಒಳ್ಳೆಯದೇ ಆಯಿತು, ನನಗೂ ಅವಸರವಿದೆ ಎಂದುಕೊಂಡು ಬಂದುಬಿಟ್ಟೆ. ಬಂದೂಕಿನ ಕತ್ತಿಗೆ ಮೇಲೂ ಕೆಳಗೂ ಪುಟ್ಟಿ ಮೆತ್ತಿದೆ. ಕನ್ನಡಿಯ ಮುಂದೆ ನಿಂತು ಬಂದೂಕನ್ನು ಅಡ್ಡಡ್ಡ ಹಿಡಿದೆ. ಬಾಯಿ ತೆರೆದೆ. ಕಚ್ಚಿದೆ. ಗುರುತು ಆಳವಾಗಿ ಬರಲೆಂದು ಹಾಗೇ ಕಚ್ಚಿ ಹಿಡಿದು, ಮನಸ್ಸಿನಲ್ಲೇ ಮಾವನವರ ಕ್ಷಮೆ ಕೇಳಿದೆ. ಕ್ಷಮೆ ಸ್ವಲ್ಪ ಉದ್ದವಾಯಿತು.

ಬಿಡಿಸಿಕೊಳ್ಳಲು ಹೋದರೆ, ಬರಲೊಲ್ಲದು! ಎಳೆದೆ. ತಿರುಚಿದೆ. ಪುಟ್ಟಿ ಕಲ್ಲಾಗಿತ್ತು. ನನ್ನ ಹಲ್ಲುಗಳು ಅದರೊಳಗೆ ಮನೆ ಮಾಡಿಕೊಂಡು ಕೂತಿದ್ದವು. ಬೇಟೆಗಾರನ ಬಂದೂಕು ಕೊನೆಗೂ ಒಂದು ಪ್ರಾಣಿಯನ್ನು ಜೀವಂತ ಹಿಡಿದಿತ್ತು!

ಆಗ ಕರೆಗಂಟೆ ಬಡಿಯಿತು.

ತೆರೆಯದಿದ್ದರೆ ಇನ್ನೂ ಗಾಬರಿಯಾಗುತ್ತಾರೆ ಎಂದು ಹೋದೆ. ಬಂದೂಕು ಅಡ್ಡಲಾಗಿ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಏಡಿಯ ಹಾಗೆ ಪಕ್ಕಕ್ಕೆ ತಿರುಗಿ, ಕೈ ನೀಡಿ ಚಿಲಕ ತೆಗೆದೆ.

ಮೊದಲು ಬಾಯಿ ಬಿಟ್ಟವನು ಮೈದುನ. "ಅಕ್ಕಾ! ಭಾವ ಬಂದೂಕು ತಿಂತಿದಾರೆ!"

ಹೆಂಡತಿ ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟಳು. "ಫ್ರಿಜ್ಜಲ್ಲಿ ಊಟ ಇಟ್ಟಿದ್ದೆನಲ್ಲ ರೀ!"

"ಊಂ... ಊಂಊಂ... ಊಂ!" ಎಂದು ಸವಿವರವಾಗಿ ಎಲ್ಲವನ್ನೂ ವಿವರಿಸಿದೆ. ಎದುರುಮನೆಯವರು ಕಿಟಕಿಗೆ ಬಂದರು. ಮೈದುನ ಒಳಗೆ ಬಂದು ಬಂದೂಕಿನ ಎರಡೂ ತುದಿ ಹಿಡಿದ, ಹೆಂಡತಿ ನನ್ನ ಸೊಂಟ ಹಿಡಿದಳು. "ಒಂದು, ಎರಡು, ಎಳಿ!" ಪಟಾರೆಂದು ಸದ್ದಾಯಿತು. ಅವನು ಬಂದೂಕಿನ ಸಮೇತ ಸೋಫಾದ ಮೇಲೆ ಬಿದ್ದ, ನಾನು ಹೆಂಡತಿಯ ಸಮೇತ ಚಪ್ಪಲಿ ಗೂಡಿನ ಮೇಲೆ ಬಿದ್ದೆ.

ಮೈದುನ ಬಂದೂಕನ್ನು ತಿರುಗಿಸಿ ನೋಡಿದ. ಹೆಂಡತಿಯೂ ಎದ್ದು ಹೋಗಿ ನೋಡಿದಳು.

"ನನ್ನ ಹಲ್ಲೆಲ್ಲಿ?" ಎಂದಳು ಅವಳು.

"ನನ್ನ ಹಲ್ಲೆಲ್ಲಿ?" ಎಂದ ಅವನು.

ನಾನು ನಾಲಿಗೆಯಿಂದ ತಡಕಿ ನೋಡಿದೆ. "ನನ್ನ ಹಲ್ಲೆಲ್ಲಿ?"

ನನ್ನದು ಸಿಕ್ಕಿತು. ಮುಂದಿನ ಹಲ್ಲು, ಮೇಲಿನ ಸಾಲಿನದು, ಪುಟ್ಟಿಯಲ್ಲಿ ಭದ್ರವಾಗಿ ನೆಟ್ಟುಕೊಂಡಿತ್ತು.

ಅವರದು ಸಿಗುವ ಹಾಗಿರಲಿಲ್ಲ. ಬಾಯಿಗೆ ಟವೆಲ್ ಒತ್ತಿಕೊಂಡು ಎಲ್ಲವನ್ನೂ ಹೇಳಿದೆ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನುಣ್ಣಗಿನ ಮರದ ಮೇಲೆ ಬೆರಳಾಡಿಸುತ್ತಾ, "ಅಪ್ಪ ಅಂತ ಉಳಿದಿದ್ದು ಇದೊಂದೇ" ಎಂದಳು. ಅವಳ ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಲ್ಲಿನ ನೋವು ಅದರ ಮುಂದೆ ಏನೂ ಅಲ್ಲ.

"ಇದೊಂದೇ ಅಂದ್ರೆ? ಅದು ನನ್ನ ಹಲ್ಲು!" ಎಂದ ಮೈದುನ.

"ನಿಂದ್ಯಾವಾಗ ಆಯ್ತೋ? ಅಪ್ಪ ನನ್ನ ಹತ್ರ ಹೇಳಿದ್ದು!"

"ನನ್ನ ಹತ್ರಾನೂ ಹೇಳಿದ್ರು!"

ಅಷ್ಟರಲ್ಲಿ ಬಾಗಿಲ ಬಳಿಯಿಂದ ವಿಚಿತ್ರ ಸದ್ದು ಕೇಳಿಸಿತು. ಅತ್ತೆ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ ನಗುತ್ತಿದ್ದರು. ಮಾವ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಥೇಟ್ ಅವರೇ! ಅಳಿಯಂದಿರು ಬಾಗಿಲು ತೆಗೆದ್ರಲ್ಲ, ಥೇಟ್ ನಿಮ್ಮಪ್ಪನೇ!"

"ಏನಮ್ಮಾ ಅದು?"

"ಅದು ನಿಂದೂ ಅಲ್ಲ, ಇವನದ್ದೂ ಅಲ್ಲ ಕಣೇ. ಮದುವೆಯಾದ ಹೊಸತು. ಶೌರ್ಯ ತೋರಿಸ್ತೀನಿ ಅಂತ ನನ್ನನ್ನ ಬೇಟೆಗೆ ಕರ್ಕೊಂಡು ಹೋಗಿದ್ರು. ಪೊದೆಯಲ್ಲಿ ಏನೋ ಸರಕ್ ಅಂತು. ‘ಹಂದಿ!’ ಅಂದವರೇ ಮರ ಹತ್ತಿಬಿಟ್ರು. ಮರ ಹತ್ತೋಕೆ ಎರಡು ಕೈಯೂ ಬೇಕಲ್ಲ? ಬಂದೂಕು ಬಾಯಲ್ಲಿ!"

"ನೀವು?" ಎಂದೆ ಟವೆಲ್ಲಿನೊಳಗಿಂದ.

"ನಾನು ಕೆಳಗೆ! ಪೊದೆಯಿಂದ ಯಾರದೋ ಮನೆ ಕರು ಬಂತು. ಹಚಾ ಅಂದೆ, ಹೋಯ್ತು. ಕೆಳಗಿಳೀರಿ ಅಂದ್ರೆ, ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು, ಇಳೀತೀನಿ’ ಅಂದ್ರು. ಅದೂ ಊಂ ಊಂ ಅಂತಾನೇ ಹೇಳಿದ್ರು! ಆಮೇಲೆ ನೀನು ಕೇಳಿದಾಗ ನಿನ್ನ ಹಲ್ಲು ಅಂದ್ರು, ಇವನು ಕೇಳಿದಾಗ ಇವನ ಹಲ್ಲು ಅಂದ್ರು. ಇಬ್ಬರೂ ಎಷ್ಟು ಖುಷಿಪಟ್ರಿ ಅಂದ್ರೆ, ಅವರಿಗೇ ಅದು ನಿಜ ಅನ್ನಿಸಿಬಿಡ್ತೇನೋ. ತೊಡೆ ಮೇಲೆ ನಿಮ್ಮಿಬ್ಬರನ್ನೂ ಕೂರಿಸ್ಕೊಳ್ತಿದ್ದಿದ್ದಂತೂ ನಿಜಾನೇ."

ಮೊದಲು ಹೆಂಡತಿ ನಕ್ಕಳು, ನಗುನಗುತ್ತಲೇ ಅತ್ತಳು. ಮೈದುನ ಅವಳ ಹೆಗಲ ಮೇಲೆ ತಲೆಯಿಟ್ಟು, "ಹಂದಿ ಅಂತೆ!" ಎಂದು ಬಿಕ್ಕಿದ. ಅತ್ತೆ ಬಂದೂಕನ್ನು ಕಿಟಕಿಯ ಬೆಳಕಿಗೆ ಹಿಡಿದು ಪುಟ್ಟಿಯ ಗುರುತನ್ನು ಪರೀಕ್ಷಿಸಿದರು. "ಚೆನ್ನಾಗೇ ಬಂದಿದೆ. ಇದಕ್ಕೆ ಮಾತ್ರ ಯಾರೂ ಪಾಲಿಶ್ ಮಾಡಬೇಡಿ" ಎಂದು ಅಪ್ಪಣೆ ಕೊಟ್ಟು, ತಾವೇ ಅದನ್ನು ಗೋಡೆಗೆ ನೇತುಹಾಕಿದರು. ಹಲ್ಲು ಈಗಲೂ ಅದರಲ್ಲೇ ಇದೆ.

ದಂತವೈದ್ಯರಲ್ಲಿಗೆ ಹೊರಡುವಾಗ ನನಗೆ ಮತ್ತೆ ಧೈರ್ಯ ಬಂದಿತ್ತು. ಮಾವನ ಸಾಲಿಗೆ ಸೇರಿದವನಲ್ಲವೇ ನಾನು!

"ಬಂದ ನೆಂಟರು ಇದು ಯಾರ ಹಲ್ಲು ಅಂತ ಕೇಳಿದ್ರೆ ಏನು ಹೇಳೋದು ರೀ?" ಎಂದಳು ಹೆಂಡತಿ, ನನ್ನ ಗಲ್ಲದ ರಕ್ತ ಒರೆಸುತ್ತಾ.

ಎದೆಯುಬ್ಬಿಸಿ ಹೇಳಿದೆ. "ಹುಲಿಯದು ಅಂತ ಹೇಳು. ನಿಮ್ಮಪ್ಪನ ಜೊತೆ ಸೆಣಸಿದ ಹುಲಿ!"

ಅವಳು ನನ್ನ ಬಾಯನ್ನೇ ಪ್ರೀತಿಯಿಂದ ನೋಡಿದಳು.

"ಹೇಳ್ತೀನಿ. ಆದ್ರೆ ಅವರು ಇರೋವಾಗ ನೀವು ನಗಬೇಡಿ. ಹುಲಿ ಇನ್ನೂ ಮನೇಲೇ ಇದೆ ಅಂತ ಗೊತ್ತಾಗಿಬಿಡುತ್ತೆ!"