ಹೆಸರು ಹಿಡಿದು ಕೂಗುವ ಪರೀಕ್ಷೆ

ನಮ್ಮ ಕಡೆ ಹೆಸರಿಟ್ಟ ಮೇಲೂ ಜನರನ್ನು ಕೂಗುವುದು ಊರಿನ ಹೆಸರಿನಲ್ಲೇ. ಮದ್ದೂರಿನ ನಮ್ಮ ಶಾಲೆಯಲ್ಲಿ ನಾನೂ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಹುಡುಗರನ್ನು 'ಏ ಆತಗೂರು', 'ಲೇ ಯಲಿಯೂರು' ಎಂದೇ ಕರೆಯುವ ಮೇಷ್ಟ್ರು. ಹೆಂಡತಿಯನ್ನು ಇಪ್ಪತ್ತಾರು ವರ್ಷ 'ಕೊತ್ತತ್ತೀ' ಎಂದು ಕೂಗಿದೆ. ಅದು ಅವಳ ತವರೂರು. ಅವಳು ಅಡುಗೆಮನೆಯಿಂದಲೇ, "ಕೊತ್ತತ್ತಿ ಬಸ್ಸು ಆಗ್ಲೇ ಓಯ್ತು ಕಣ್ರೀ, ನಡ್ಕೊಂಡೇ ಓಗಿ" ಎನ್ನುತ್ತಿದ್ದಳು. ಹೋದ ವರ್ಷ ಕಾಯಿಲೆಯಿಂದ ತೀರಿಕೊಂಡಳು. ಈಗ ಕೂಗಿದರೆ ಬಸ್ಸಿನ ಸುದ್ದಿ ಹೇಳುವವರಿಲ್ಲ.

ಪ್ರತಿ ವರ್ಷ ನಾನು ಮಕ್ಕಳನ್ನು ಮುತ್ತತ್ತಿ ಕಾಡಿಗೆ ಚಾರಣಕ್ಕೆ ಕರೆದೊಯ್ಯುತ್ತೇನೆ. ಒಳಗೆ ಹೋದರೆ ಫೋನು ಸಿಗುವುದಿಲ್ಲ. ಅದಕ್ಕೇ ಈ ಸಲ, ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಪಾಸಾದ ಇಬ್ಬರು ಮುಂದಾಳುಗಳು ಇರಲೇಬೇಕು ಎಂದರು ಅರಣ್ಯ ಇಲಾಖೆಯವರು. ನಾನೂ ಡ್ರಿಲ್ ಮೇಷ್ಟ್ರು ಪುಟ್ಟಸ್ವಾಮಿಯೂ ಮಳವಳ್ಳಿಯಲ್ಲಿ ಎರಡು ದಿನ ಕೂತೆವು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡಬಾರದು, ಹಾವು ಕಚ್ಚಿದರೆ ಹಗ್ಗ ಬಿಗಿಯಬಾರದು, ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮೊದಲ ದಿನವೆಲ್ಲ ಕಲಿತದ್ದನ್ನು ಬಿಡುವುದೇ ಆಯಿತು. "ಅಂಗಾರೆ ನಮ್ಮಜ್ಜಿ ಉಳಿಸ್ದೋರೆಲ್ಲ ಅವರವರ ಪುಣ್ಯದಿಂದ ಉಳ್ಕಂಡವ್ರೆ ಕಣ್ಲಾ" ಎಂದ ಪುಟ್ಟಸ್ವಾಮಿ.

ಎರಡನೆಯ ದಿನ ಪರೀಕ್ಷೆ. ನೆಲದ ಮೇಲೆ ರಬ್ಬರಿನ ಬೊಂಬೆ. ಮೊದಲು ಭುಜ ತಟ್ಟಿ ಕೂಗಬೇಕು. ಉತ್ತರವೂ ಉಸಿರೂ ಇಲ್ಲದಿದ್ದರೆ ಕೂಡಲೇ ಎದೆ ಒತ್ತಬೇಕು. ನಾನು ಮಂಡಿಯೂರಿ ತಟ್ಟಿದೆ. ಬಾಯಿಗೆ ಬಂದದ್ದು, "ಏ ಕೊತ್ತತ್ತೀ, ಎದ್ದೇಳೇ!"

ಕಲಿಸುತ್ತಿದ್ದ ಹುಡುಗಿ ನಗು ತಡೆದುಕೊಂಡು, "ಊರಲ್ಲ ಸಾರ್, ಹೆಸರು ಹಿಡಿದು ಕೂಗಿ" ಎಂದಳು.

"ಕಾಡಲ್ಲಿ ನೀನು ಆತಗೂರು ಎದ್ದೇಳ್ಲಾ ಅಂದ್ರೆ, ಬಿದ್ದೋನ್ನ ಬುಟ್ಟು ಅದೇ ಊರ್ನ ಮಿಕ್ಕಿದ್ ಆರು ಜನ ಎದ್ ನಿಂತ್ಕತಾರೆ!" ಎಂದ ಪುಟ್ಟಸ್ವಾಮಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಸ್ಪತ್ರೆಯಲ್ಲಿ ಹೆಂಡತಿಯ ಕೊನೆಯ ದಿನ ನರ್ಸಮ್ಮನೂ ಇದನ್ನೇ ಹೇಳಿದ್ದರು. ವಾರ್ಡಿನ ತುಂಬ ಜನ. ನಾಚಿಕೆಯಾಗಿ ಮೆಲ್ಲಗೆ 'ಕೊತ್ತತ್ತೀ' ಎಂದಿದ್ದೆ. ಮದುವೆಯಲ್ಲಿ ಹೊಸಿಲ ಬಳಿ ಅಡ್ಡಗಟ್ಟಿ ಹೇಳಿಸಿದ್ದು ಬಿಟ್ಟರೆ ಅವಳ ಹೆಸರು ನನ್ನ ಬಾಯಿಂದ ಬಂದದ್ದೇ ಇಲ್ಲ.

"ಜಯಮ್ಮಾ!" ಎಂದೆ. ಇಡೀ ಕೊಠಡಿಗೆ ಕೇಳುವಷ್ಟು ಜೋರಾಗಿ. ಆಮೇಲೆ ಕಾದೆ.

"ಸಾರ್, ಉತ್ತರ ಬರಲಿಲ್ಲ. ಎದೆ ಒತ್ತಿ. ಕಾಯೋ ಹಾಗಿಲ್ಲ."

"ಇನ್ನೊಂದ್ಸಲ ಕೂಗ್ಲಾ ಮೇಡಂ?"

ಫೇಲಾದೆ. ಸೋಮವಾರ ಮರುಪರೀಕ್ಷೆ. ಅದರಲ್ಲೂ ತಪ್ಪಿದರೆ ಈ ವರ್ಷ ಮಕ್ಕಳಿಗೆ ಕಾಡಿಲ್ಲ. ಅದಕ್ಕೆ ಮನೆಯಲ್ಲಿ ದಿಂಬು ಇಟ್ಟುಕೊಂಡು ಅಭ್ಯಾಸ ನಡೆಸಿದ್ದೇನೆ. ಮೇಷ್ಟ್ರಾಗಿ ಒಪ್ಪಿಕೊಳ್ಳಬೇಕು, ಒತ್ತುವ ಪಾಠ ಇನ್ನೂ ಶುರುವಾಗಿಲ್ಲ, ಕೂಗುವುದರಲ್ಲೇ ಇದ್ದೇನೆ.