ಮೂರರಿಂದ ಭಾಗಿಸುವ ಗಣಕಯಂತ್ರವನ್ನು ಸೇವೆಯಲ್ಲಿ ಮುಂದುವರಿಸುವ ಕುರಿತು

ಜಿಲ್ಲಾ ಸರಾಸರಿ ಕಚೇರಿ, ಬೀದರ

ಸಂಖ್ಯೆ: ಜಿಸಕ/ಗಣಕ/ಪಾದರಕ್ಷೆ/03/2025-26
ದಿನಾಂಕ: 14-07-2025

ಸುತ್ತೋಲೆ

ವಿಷಯ: 2009ರಲ್ಲಿಯೇ ತೀರಿಹೋಗಿರುವ ಕಚೇರಿಯ ಗಣಕಯಂತ್ರವನ್ನು ತೀರಿಹೋಗಿಲ್ಲವೆಂದು ಪರಿಗಣಿಸಿ, ಅದಕ್ಕೆ ಅಂಟಿಕೊಂಡಿರುವ ದಿನಗೂಲಿ ನಿರ್ವಾಹಕಿ ಮಹಾಮಾಯಾ ಇವರ ಹುದ್ದೆಯನ್ನು ಉಳಿಸುವ ಬಗ್ಗೆ.

ಉಲ್ಲೇಖ:
(1) ಹಳೆಯ ವಿದ್ಯುನ್ಮಾನ ಸಾಮಾನುಗಳನ್ನು ಇದೇ ತಿಂಗಳ 31ರೊಳಗೆ ಗುಜರಿಗೆ ಹಾಕಿ, ಅವುಗಳ ಜೊತೆಗಿರುವ ಹುದ್ದೆಗಳನ್ನೂ ರದ್ದುಪಡಿಸುವಂತೆ ಮೇಲಿನಿಂದ ಬಂದ ಪತ್ರ.
(2) ಗುಜರಿ ಸಮಿತಿಯ ಕಿರಿಯ ಇಂಜಿನಿಯರ್ ಅಶ್ವಜಿತ ಇವರು ದಿನಾಂಕ 03-07-2025ರಂದು ಚಪ್ಪಲಿ ಬಿಟ್ಟು ಒಳಗೆ ಹೋದ ವರದಿ.
(3) ಸಿಬ್ಬಂದಿಯ ತುರ್ತು ಸಭೆಯ ನಡವಳಿ, ಚಹಾ ಸಹಿತ.

ಪ್ರಸ್ತಾವನೆ:

ಔರಾದ, ಭಾಲ್ಕಿ ಮತ್ತು ಬೀದರ ಈ ಮೂರು ಕಡೆ ಬಿದ್ದ ಮಳೆಯನ್ನು ಕೂಡಿಸಿ, ಮೂರರಿಂದ ಭಾಗಿಸಿ, ಬಂದ ಸರಾಸರಿಯನ್ನು ಬೆಳಗಿನ ಹನ್ನೊಂದು ಗಂಟೆಯೊಳಗೆ ಹೊರಗಿನ ಫಲಕದ ಮೇಲೆ ಬರೆಯುವುದು ಈ ಕಚೇರಿಯ ಏಕೈಕ ಕರ್ತವ್ಯವಾಗಿರುತ್ತದೆ. ಇಷ್ಟು ಕಠಿಣವಾದ ಕೆಲಸವನ್ನು ಇಡೀ ದಖ್ಖನದಲ್ಲಿ ಇನ್ನಾವ ಕಚೇರಿಯೂ ಹೊತ್ತುಕೊಂಡಿಲ್ಲವೆಂಬುದು ಸರ್ವರಿಗೂ ತಿಳಿದ ವಿಷಯ. ತಿಳಿಯದವರಿಗೆ ಈ ಮೂಲಕ ತಿಳಿಸಲಾಗಿದೆ.

ಇದೇ ಕೆಲಸಕ್ಕಾಗಿ 1987ರಲ್ಲಿ ಒಂದು ಗಣಕಯಂತ್ರವನ್ನು ಮಂಜೂರು ಮಾಡಲಾಯಿತು. ಅದು ಹುಟ್ಟಿದ ದೇಶದಲ್ಲಿ ಅದನ್ನು ಮನೆಮನೆಗಳ ಟಿವಿಗೆ ಸಿಕ್ಕಿಸಿಕೊಂಡು ಮಕ್ಕಳು ಆಟ ಆಡುತ್ತಿದ್ದರೆಂದು ನಂತರ ತಿಳಿದುಬಂದಿದೆ. ಇಲ್ಲಿ ಅದು ಕಾಲಿಟ್ಟ ದಿನವೇ ಅಧಿಕಾರಿಯಾಯಿತು. ಗಾತ್ರದಲ್ಲಿ ಹೋಳಿಗೆಯ ತಾಟಿನಷ್ಟಿದ್ದರೂ ಅದನ್ನು ಹೈದರಾಬಾದಿನಿಂದ ತರಲು ಎರಡು ಲಾರಿ, ಎಂಟು ಬಂದೂಕು ಬೇಕಾದವು. ಕೀಲಿಮಣೆಯ ಹೊಟ್ಟೆಯಲ್ಲೇ ಅದರ ಮೆದುಳು, ಮುಖವೆಂದರೆ ಟಿವಿ, ನೆನಪೆಂದರೆ ಟೇಪ್‌ರೆಕಾರ್ಡರ್. ಕರೆಂಟು ಹೋದರೆ ಕಲಿತದ್ದನ್ನೆಲ್ಲ ಮರೆಯುತ್ತಿದ್ದುದರಿಂದ, ಕೂಡುವುದು ಹೇಗೆ, ಭಾಗಿಸುವುದು ಹೇಗೆ ಎಂಬುದನ್ನು ಪ್ರತಿ ಬೆಳಿಗ್ಗೆ ಒಂದು ಕ್ಯಾಸೆಟ್ ಹಚ್ಚಿ ಅದಕ್ಕೆ ಹೊಸದಾಗಿ ಕಲಿಸಬೇಕಾಗುತ್ತಿತ್ತು. ಈ ವಿಷಯದಲ್ಲಿ ಅದು ಕಚೇರಿಯ ಇತರ ಸಿಬ್ಬಂದಿಗಿಂತ ಭಿನ್ನವಾಗಿರಲಿಲ್ಲ.

ಕಚೇರಿಯ ಏಕಮಾತ್ರ ಎ.ಸಿ.ಯನ್ನು ಅದರ ಕೋಣೆಗೆ ಹಾಕಲಾಯಿತು. ದರ್ಗಾಕ್ಕೆ ಹೊದಿಸುವಂಥ ಜರಿ ಅಂಚಿನ ಗಲೀಫವನ್ನು ದರ್ಜಿ ಖಾಲಿದ ಇವರಿಂದ ಅದರ ಅಳತೆಗೆ ಹೊಲಿಸಲಾಯಿತು. "ಚಪ್ಪಲಿ, ಬೂಟು ಬಿಟ್ಟು ಒಳಗೆ ಬರತಕ್ಕದ್ದು" ಎಂಬ ಫಲಕ ತೂಗಿತು. ಮೇ ತಿಂಗಳಲ್ಲಿ ಭಾಲ್ಕಿ, ಔರಾದಗಳ ಅಧಿಕಾರಿಗಳು ಮಳೆಯೇ ಇಲ್ಲದ ದಿನಗಳ ಸರಾಸರಿ ಕೇಳಲು ಬಂದು, ಆ ಕೋಣೆಯ ಬಾಗಿಲಲ್ಲಿ ತಾಸುಗಟ್ಟಲೆ ನಿಂತು ತಣ್ಣಗಾಗಿ ಹೋಗುತ್ತಿದ್ದರು. ಹಲಬರ್ಗಾ, ಸಂತಪುರಗಳಿಂದ ಜನ ಬುತ್ತಿ ಕಟ್ಟಿಕೊಂಡು ಪ್ರಶ್ನೆ ಕೇಳಲು ಬರತೊಡಗಿ, 1992ರಲ್ಲಿ ಅವರ ಸಾಲು ಮುಂದಿನ ಊರಾದ ಜನವಾಡದವರೆಗೆ ಮುಟ್ಟಿತ್ತು. ಸಂತಪುರದ ಗುರಮ್ಮ ಎಂಬುವರು ಮಗಳ ಲಗ್ನ ಯಾವಾಗ ಕೂಡಿಬರುತ್ತದೆಂದು ಕೇಳಿದಾಗ ಪರದೆಯ ಮೇಲೆ "4.3" ಎಂದು ಮೂಡಿದ್ದು, ಅದು ಹಿಂದಿನ ದಿನದ ಮಳೆಯಾಗಿದ್ದರೂ, ನಾಲ್ಕು ತಿಂಗಳು ಮೂರು ದಿನಕ್ಕೆ ಸರಿಯಾಗಿ ಲಗ್ನ ನೆರವೇರಿದ್ದು ದಾಖಲೆಯಲ್ಲಿರುತ್ತದೆ.

ಏರಿದ್ದು ಇಳಿಯಲೇಬೇಕು. 1996ರ ಶ್ರಾವಣದಲ್ಲಿ ಯಂತ್ರದ ಕ್ಯಾಸೆಟ್ ಹಾಡತೊಡಗಿತು. ಅಂದಿನ ಗುಮಾಸ್ತ ಕಾಶೀನಾಥ ಇವರ ಹೇಳಿಕೆಯನ್ನು ಇದ್ದುದು ಇದ್ದಂತೆಯೇ ಉದ್ಧರಿಸಲಾಗಿದೆ: "ಅದರಾಗ ಬರೇ ಕಿರ್ ಕಿರ್ ಅಂತಿತ್ರಿ. ಖರಾಬ್ ಕ್ಯಾಸೆಟ್ ಅದ ಅಂತ ತಿಳದು ಅದರ ಮ್ಯಾಲ ನಮ್ಮೂರ ಭಜನಿ ತುಂಬಿಸ್ದೆ. ಖರೇ ಹೇಳ್ಲಿರಿ, ಆ ಮಿಷನ್ ತನ್ನ ಜಿಂದಗಿದಾಗ ಅಷ್ಟು ಚಂದ ಮಾತಾಡಿದ್ದೇ ಇಲ್ಲ."

ಆ ಕಿರ್ ಕಿರ್ ಸದ್ದೇ ಯಂತ್ರದ ಪಾಠವಾಗಿತ್ತು; ಅದಿರುವ ಬೇರೆ ಕ್ಯಾಸೆಟ್ ಸಿಗಲಿಲ್ಲ. 1990ರಿಂದ ದಿನಗೂಲಿಯ ಮೇಲಿದ್ದ ಮಹಾಮಾಯಾ ಇವರು ಅಂದಿನಿಂದ ಪ್ರತಿ ಬೆಳಿಗ್ಗೆ ಇಡೀ ಪಾಠವನ್ನು ನೆನಪಿನಿಂದಲೇ ಬೆರಳಚ್ಚು ಮಾಡಿ ಯಂತ್ರಕ್ಕೆ ಒಪ್ಪಿಸುತ್ತಿದ್ದರು. 2009ರ ಜೂನ್‌ನಲ್ಲಿ ಗುಡುಗಿನ ಸಂಗಡ ಹೊಗೆ ಬಂದು ಯಂತ್ರವು ಉಸಿರು ಬಿಟ್ಟಿತು. ಈ ಸಂಗತಿ ಮಹಾಮಾಯಾ ಇವರ ಹೊರತು ಯಾರಿಗೂ ತಿಳಿಯಲಿಲ್ಲ. ಕಾರಣ, ತಪಾಸಣೆಗೆ ಬಂದ ಅಧಿಕಾರಿಗಳೆಲ್ಲರೂ ದಾರದ ಬೂಟಿನವರು. ಬಗ್ಗಿ ದಾರ ಬಿಚ್ಚುವುದು ಅವರ ದರ್ಜೆಗೆ ತಕ್ಕುದಲ್ಲವಾದ್ದರಿಂದ ಹೊಸ್ತಿಲಲ್ಲೇ ನಿಂತು, ಟಿವಿಯ ಮೇಲೆ ಅಂಕಿ ಕಾಣುತ್ತದೆ, ಗಲೀಫದ ಕೆಳಗೆ ಏನೋ ಉಬ್ಬಿದೆ ಎಂದು ಖಾತ್ರಿಪಡಿಸಿಕೊಂಡು "ಯಂತ್ರವು ಸುಸ್ಥಿತಿಯಲ್ಲಿದೆ" ಎಂದು ಬರೆದು ಹೋಗುತ್ತಿದ್ದರು. 2009ರಿಂದ ಇಂದಿನವರೆಗೆ ಹದಿನೇಳು ವರ್ಷ ಈ ಕೆಳಗೆ ಸಹಿ ಮಾಡಿದವರೂ ಅದರ ಕೆಳಗೆ ತಪ್ಪದೆ ಸಹಿ ಮಾಡಿರುತ್ತಾರೆ.

ದಿನಾಂಕ 03-07-2025ರಂದು ಮಳೆಗೆ ಬೂಟು ತೊಯ್ದು, ಅಶ್ವಜಿತ ಇವರು ರಬ್ಬರ್ ಚಪ್ಪಲಿಯಲ್ಲಿ ಬಂದರು. ಅವು ಕಾಲಿನಿಂದ ತಾವೇ ಜಾರಿದವು. ಒಳಗೆ ಹೋಗಿ ಗಲೀಫ ಎತ್ತಿ ನೋಡಲಾಗಿ, ಸುಟ್ಟ ಯಂತ್ರದ ಪೆಟ್ಟಿಗೆ, ಅದರ ಮೇಲೆ ಒಂದು ಸ್ಲೇಟು ಮತ್ತು ಊಟದ ಡಬ್ಬಿ ಕಂಡುಬಂದವು. ಟಿವಿಯ ಕಪ್ಪು ಗಾಜಿನ ಮೇಲಿದ್ದ ಅಂಕಿ ಸೀಮೆಸುಣ್ಣದ್ದಾಗಿತ್ತು. ಅಲ್ಲಿಯೇ ಕುಳಿತಿದ್ದ ಮಹಾಮಾಯಾ ಇವರೊಡನೆ ನಡೆದ ಮಾತು ಅವರ ವರದಿಯ ಪುಟ 2ರಲ್ಲಿ ಹೀಗಿದೆ:

"'ಅಕ್ಕಾರ, ಮಿಷನ್ ಎಲ್ಲದ?' ಅಂತ ಕೇಳ್ದೆ. 'ನಿಮ್ಮ ಮುಂದೇ ಕುಂತದಲ್ರಿ' ಅಂದ್ರು."

ಮಹಾಮಾಯಾ ಇವರ ಹೇಳಿಕೆ: "ಮಿಷನ್ ಸತ್ತದ ಅಂತ ಅಂದಿದ್ರ ಮರುದಿನ ನನಗೂ ಬರಬ್ಯಾಡ ಅಂತಿದ್ರಿ. ಮೂವತ್ತೈದು ವರ್ಷ ದುಡದೇನಿ, ಇನ್ನಾ ಖಾಯಂ ಆಗಿಲ್ಲ. ಅದಕ್ಕ ಅದರ ಕೆಲಸ ನಾನೇ ಮಾಡ್ದೆ. ಒಂದರೆ ಲೆಕ್ಕ ತಪ್ಪಿದ್ರ ತೋರಸ್ರಿ, ಇವತ್ತೇ ಹೋಗ್ತೇನಿ."

ಪರಿಶೀಲಿಸಲಾಯಿತು. ಯಂತ್ರವು ಬದುಕಿದ್ದಾಗ ಮಾಡಿದ ತಪ್ಪುಗಳು ಹತ್ತೊಂಬತ್ತು. ತೀರಿಕೊಂಡ ನಂತರ ಒಂದೂ ಇಲ್ಲ. ಸತ್ತ ಮೇಲೆ ಇಷ್ಟು ಸುಧಾರಿಸಿದ ಯಂತ್ರ ಭೂಮಂಡಲದಲ್ಲಿ ಇನ್ನೊಂದಿಲ್ಲವೆಂದು ಕಚೇರಿಯು ಹೆಮ್ಮೆಯಿಂದ ದಾಖಲಿಸುತ್ತದೆ.

ಈಗಿನ ಮುಖ್ಯ ಪ್ರಶ್ನೆ ಇಷ್ಟೇ. ಮಹಾಮಾಯಾ ಇವರು ಮನುಷ್ಯರೆಂದು ಒಪ್ಪಿದರೆ ಅವರು 31ಕ್ಕೆ ಮನೆಗೆ ಹೋಗಬೇಕು. ಅವರ ಹಿಂದೆಯೇ, ಸುಳ್ಳು ಪ್ರಮಾಣಪತ್ರ ಬರೆದ ಎಲ್ಲ ಅಧಿಕಾರಿಗಳೂ ಹೋಗಬೇಕು. ಅವರು ಯಂತ್ರವೆಂದು ಒಪ್ಪಿದರೆ ಎಲ್ಲ ಪ್ರಮಾಣಪತ್ರಗಳೂ ಅಕ್ಷರಶಃ ನಿಜವಾಗುತ್ತವೆ. ಉಲ್ಲೇಖ (3)ರ ಸಭೆಯು ಒಂದೇ ಕಪ್ ಚಹಾದಲ್ಲಿ ಸರ್ವಾನುಮತಕ್ಕೆ ಬಂದಿತು. ಅದರಂತೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಮಹಾಮಾಯಾ ಇವರನ್ನು ಈ ಕಚೇರಿಯ ಗಣಕಯಂತ್ರವೆಂದು ಘೋಷಿಸಿ, ಮೇಜು ಕಪಾಟುಗಳ ಲೆಕ್ಕವಿರುವ ಜಡ ಸಂಗ್ರಹ ವಹಿಯಲ್ಲಿ ನಮೂದಿಸಲಾಗಿದೆ. ಸ್ಥಿತಿ: ಉತ್ತಮ. ದಿನಗೂಲಿಯವರನ್ನು ಒಂದು ಮಾತಿನಿಂದ ಕಳುಹಿಸಬಹುದು; ಜಡ ಸಂಗ್ರಹದ ವಸ್ತುವನ್ನು ಹೊರಹಾಕಲು ಐವರು ಅಧಿಕಾರಿಗಳ ಸಹಿ ಬೇಕು, ಮತ್ತು ಐದನೆಯ ಅಧಿಕಾರಿಯ ಹುದ್ದೆಯು 2003ರಿಂದ ಖಾಲಿ ಇರುತ್ತದೆ.

2. ಸದರಿ ಯಂತ್ರವು ಕರೆಂಟಿನಿಂದ ನಡೆಯುವುದಿಲ್ಲವಾದ್ದರಿಂದ ವಿದ್ಯುನ್ಮಾನ ಸಾಮಾನಲ್ಲ. ಉಲ್ಲೇಖ (1) ಇದಕ್ಕೆ ಅನ್ವಯಿಸುವುದಿಲ್ಲ.

3. ಸರಕಾರಿ ಸಾಮಾನಿನ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆಯುವ ಪದ್ಧತಿಯಿರುತ್ತದೆ. ಯಂತ್ರವು ಬಣ್ಣದ ಡಬ್ಬಿಯ ಕಡೆ ನೋಡಿದ ರೀತಿಯನ್ನು ಗಮನಿಸಿ, ಸಂಖ್ಯೆಯನ್ನು ಅದರ ಛತ್ರಿಯ ಮೇಲೆ ಬರೆಯತಕ್ಕದ್ದು.

4. ಯಂತ್ರಕ್ಕೆ ರಜೆ ಇರುವುದಿಲ್ಲ. ಜ್ವರ ಬಂದಲ್ಲಿ "ದುರಸ್ತಿಯಲ್ಲಿದೆ" ಎಂದೂ, ಬೀಗರ ಮನೆಗೆ ಹೋದಲ್ಲಿ "ಹೊರ ದುರಸ್ತಿ" ಎಂದೂ, ಸಿಟ್ಟು ಬಂದಲ್ಲಿ "ಕಾದಿದೆ, ಮುಟ್ಟಬಾರದು" ಎಂದೂ ಫಲಕ ತೂಗುಹಾಕತಕ್ಕದ್ದು.

5. ಅಶ್ವಜಿತ ಇವರು ಚಪ್ಪಲಿಯಲ್ಲಿ ಬಂದುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಇನ್ನು ಮುಂದೆ ತಪಾಸಣೆಗೆ ಬರುವವರು ಕಡ್ಡಾಯವಾಗಿ ದಾರದ ಬೂಟು ಧರಿಸಿ, ದಾರಕ್ಕೆ ಎರಡು ಗಂಟು ಹಾಕಿಕೊಂಡು ಬರತಕ್ಕದ್ದು.

6. ಕಚೇರಿ ಮುಗಿದ ನಂತರ ಯಂತ್ರಕ್ಕೆ ಗಲೀಫ ಹೊದಿಸಬೇಕೆಂಬ ನಿಯಮಕ್ಕೆ ಯಂತ್ರವೇ ಆಕ್ಷೇಪಣೆ ಸಲ್ಲಿಸಿದೆ: "ಗಲೀಫ ಬ್ಯಾಡ್ರಿ, ಉಸಿರು ಕಟ್ತದ. ಅದರ ಬದ್ಲಿ ಬೆನ್ನು ಆನಿಸೋ ಕುರ್ಚಿ ಕೊಡ್ರಿ. ಮೂವತ್ತೈದು ವರ್ಷ ಸ್ಟೂಲ್ ಮ್ಯಾಲ ಕುಂತು ನಡಾ ಹೋಗ್ಯಾದ." ದಿನಗೂಲಿಯವರಿಗೆ ಕುರ್ಚಿ ಕೊಡಲು ಯಾವ ನಿಯಮದಲ್ಲಿಯೂ ಅವಕಾಶವಿಲ್ಲ. ಆದರೆ ಯಂತ್ರಕ್ಕೆ ಪೀಠ ಒದಗಿಸಲು 1987ರ ಮಂಜೂರಾತಿಯಲ್ಲಿಯೇ ಅವಕಾಶವಿದ್ದು, ಬೆನ್ನು, ಕೈ ಎರಡೂ ಇರುವ ಪೀಠವನ್ನು ಕೂಡಲೇ ಒದಗಿಸತಕ್ಕದ್ದು.

7. ದಸರೆಯ ದಿನ ಯಂತ್ರಕ್ಕೆ ಪೂಜೆ ಇರುವುದಿಲ್ಲ, ಯಂತ್ರವು ಬೇಡವೆಂದಿದೆ. ನೈವೇದ್ಯಕ್ಕೆ ಮಾತ್ರ ಆಕ್ಷೇಪಣೆ ಬಂದಿರುವುದಿಲ್ಲ.

8. ಸಿಬ್ಬಂದಿಯು ತಮ್ಮ ಮಕ್ಕಳ ಗಣಿತದ ಲೆಕ್ಕಗಳನ್ನು ಯಂತ್ರಕ್ಕೆ ಹಾಕುವುದು ದಿನಕ್ಕೆ ಎರಡಕ್ಕೆ ಮಿತಿಗೊಳಿಸಲಾಗಿದೆ. ಕೆಳಗೆ ಸಹಿ ಮಾಡಿದವರ ಮೊಮ್ಮಗಳಿಗೆ ಮೂರು.

9. ನಿರ್ವಾಹಕಿಯು ಯಂತ್ರವಾದ ಕಾರಣ ನಿರ್ವಾಹಕರ ಜಾಗ ಖಾಲಿಯಾಗಿರುತ್ತದೆ. ಆ ಜಾಗಕ್ಕೆ ಸುಟ್ಟುಹೋದ ಹಳೆಯ ಗಣಕಯಂತ್ರವನ್ನು ದಿನಗೂಲಿಯ ಮೇಲೆ ನೇಮಿಸಲಾಗಿದೆ. ಅದು 1987ರಿಂದ ಒಂದು ದಿನವೂ ಗೈರುಹಾಜರಾಗಿರುವುದಿಲ್ಲ. ಅದಕ್ಕೆ ಸಹಿ ಬಾರದ್ದರಿಂದ ಅದರ ಕೂಲಿಯನ್ನು ಅದರ ಪರವಾಗಿ ಗಣಕಯಂತ್ರವು, ಅಂದರೆ ಮಹಾಮಾಯಾ ಇವರು, ಪಡೆದುಕೊಳ್ಳತಕ್ಕದ್ದು.

10. ಇನ್ನು ಮುಂದೆ ಈ ಕಚೇರಿಯಿಂದ ಹೊರಡುವ ಪ್ರತಿಯೊಂದು ಕಾಗದವೂ ಗಣಕಯಂತ್ರದ ಮೂಲಕ ಹಾದು, ತಪ್ಪಿಲ್ಲವೆಂದು ಖಚಿತವಾದ ನಂತರವೇ ಹೊರಡತಕ್ಕದ್ದು. ಈ ಸುತ್ತೋಲೆಯೇ ಮೊದಲನೆಯದು. ಇದರಲ್ಲಿ ತಪ್ಪು ಸಿಗಲಾರದೆಂದು ಮುಂಚಿತವಾಗಿಯೇ ತಿಳಿಸಲಾಗಿದೆ.

ಸಹಿ/-
(ಹಾವಗೆಪ್ಪ)
ಅಧೀಕ್ಷಕರು, ಜಿಲ್ಲಾ ಸರಾಸರಿ ಕಚೇರಿ, ಬೀದರ

ಪ್ರತಿ:
1. ಗುಜರಿ ಸಮಿತಿಗೆ, ಬರದಿರುವ ಕುರಿತು ಕ್ರಮಕ್ಕಾಗಿ.
2. ಶ್ರೀ ಅಶ್ವಜಿತ, ಕಿರಿಯ ಇಂಜಿನಿಯರ್ ಇವರಿಗೆ, ಬೂಟು ಒಣಗಿಸಿಕೊಳ್ಳಲು.
3. ಶ್ರೀ ಕಾಶೀನಾಥ, ನಿವೃತ್ತ ಗುಮಾಸ್ತರು ಇವರಿಗೆ, ಕ್ಯಾಸೆಟ್ ಮರಳಿಸಲು. ಭಜನೆ ಅಳಿಸುವ ಅಗತ್ಯವಿಲ್ಲ.
4. ದರ್ಜಿ ಖಾಲಿದ ಇವರಿಗೆ, ಗಲೀಫ ಬಿಚ್ಚಿ ಕುರ್ಚಿಗೆ ದಿಂಬು ಹೊಲಿಯಲು.
5. ಹಳೆಯ ಗಣಕಯಂತ್ರ, ದಿನಗೂಲಿ ನಿರ್ವಾಹಕರು ಇವರಿಗೆ, ಹತ್ತು ಗಂಟೆಗೆ ಸರಿಯಾಗಿ ಹಾಜರಿರಲು.
6. ಮಹಾಮಾಯಾ, ಗಣಕಯಂತ್ರ ಇವರಿಗೆ, ಕಲಂ 10ರಂತೆ.
7. ಕಚೇರಿ ಪ್ರತಿ.

(ಕಲಂ 10ರಂತೆ ಗಣಕಯಂತ್ರದಿಂದ ಹಾದು ಬಂದ ಕಚೇರಿ ಪ್ರತಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ:)

ಲಾರಿ, ಬಂದೂಕದ್ದು ನನಗ ಗೊತ್ತಿಲ್ರಿ, ಆಗ ನಾ ಬಂದಿರಲಿಲ್ಲ. ಸಾಲು ಜನವಾಡದ ತನಾ ಇರಲಿಲ್ಲ, ಚಾದಂಗಡಿ ತನಾ ಇತ್ತು. 2025ರಾಗ 2009 ಕಳದ್ರ ಹದಿನಾರು ಉಳೀತದ, ಹದಿನೇಳಲ್ಲ. ಉಳದಿದ್ದು ಬರೋಬ್ಬರಿ ಅದ.

ಇವತ್ತಿನ ಮಳಿ: ಔರಾದ 6, ಭಾಲ್ಕಿ 11, ಬೀದರ 4. ಸರಾಸರಿ 7.

ಕುರ್ಚಿ ಇನ್ನಾ ಬಂದಿಲ್ರಿ.