ಪದಗಳ ಅರ್ಥವನ್ನು ಬೆಂಚಿನ ಮೇಲೆ ಹೇಳಿಕೊಡುವುದನ್ನು ನಿಷೇಧಿಸುವ ಬಗ್ಗೆ

ಪ್ರವೇಶ ವಿಭಾಗ, ಕಾಲೇಜು ಕಚೇರಿ
ಹಳೆಯ ಕಟ್ಟಡ, ಮೆಟ್ಟಿಲಿನ ಕೆಳಗೆ
ಸಂಖ್ಯೆ: ಪ್ರವಿ/ಪದ/ಅರ್ಥ-ನಿಷೇಧ/೧೭

ಸುತ್ತೋಲೆ

ವಿಷಯ: ಪ್ರವೇಶ ಪತ್ರಗಳಲ್ಲಿ ಬಳಸಲಾಗುವ ಪದಗಳನ್ನು ಸಾರ್ವಜನಿಕರು ಅರ್ಥ ಮಾಡಿಕೊಳ್ಳುತ್ತಿರುವ ಕುರಿತು.

ಉಲ್ಲೇಖ: ೧) ವರಾಂಡದ ಬೆಂಚಿನ ಸ್ಥಳ ಪರಿಶೀಲನಾ ವರದಿ.
೨) ಒಬ್ಬ ಹೊಲಿಗೆಯಾಕೆಯ ಹೇಳಿಕೆ (ಎರಡು ಪುಟ, ಹಿಂಬದಿಯಲ್ಲಿ ಯಾರದೋ ಅಂಗಿಯ ಅಳತೆ).

ಈ ವಿಭಾಗವು ಹಲವು ವರ್ಷಗಳಿಂದ ಯಾರಿಗೂ ಅರ್ಥವಾಗದಂತೆ ಸುಗಮವಾಗಿ ಕಾರ್ಯನಿರ್ವಹಿಸುತ್ತಾ ಬಂದಿರುವುದು ಸರಿಯಷ್ಟೆ. ಈ ಸುಗಮತೆಗೆ ಪ್ರಸಕ್ತ ಸಾಲಿನಲ್ಲಿ ಮೇಲ್ಕಂಡ ಹೊಲಿಗೆಯಾಕೆಯಿಂದ ಧಕ್ಕೆ ಉಂಟಾಗಿರುವುದರಿಂದ, ನಡೆದ ಸಂಗತಿಯನ್ನು ಸಿಬ್ಬಂದಿಯ ಎಚ್ಚರಿಕೆಗಾಗಿ ಮೊದಲು ದಾಖಲಿಸಲಾಗಿದೆ.

೧. ಸದರಿ ಹೊಲಿಗೆಯಾಕೆಯು ಈ ತಿಂಗಳ ನಾಲ್ಕರಂದು ತನ್ನ ಹಿರಿಯ ಮಗಳೊಡನೆ ಮೂರನೇ ಕೌಂಟರಿಗೆ ಹಾಜರಾಗಿ, ಮಗಳಿಗೆ ಬಂದಿದ್ದ ‘ಪ್ರಾವಿಷನಲ್ ಅಡ್ಮಿಷನ್’ ಪತ್ರವನ್ನು ಕಿಟಕಿಯೊಳಗೆ ಚಾಚಿ, “ಅಂದ್ರೆ ಸೀಟು ಸಿಕ್ಕಿದ್ಯೋ ಇಲ್ವೋ?” ಎಂದು ಪ್ರಶ್ನಿಸಿರುತ್ತಾರೆ. ಗುಮಾಸ್ತರು ರೂಢಿಯಂತೆ, “ಸಿಕ್ಕಿದೆ, ಆದ್ರೆ ಆಗಿಲ್ಲ” ಎಂದು ಉತ್ತರಿಸಿರುತ್ತಾರೆ. ಇಂಥ ಉತ್ತರ ಕೇಳಿದವರು ತಲೆಯಾಡಿಸಿ ಮನೆಗೆ ಹೋಗುವುದು ಈವರೆಗಿನ ಪದ್ಧತಿಯಾಗಿರುತ್ತದೆ. ಆಕೆ ಹೋಗಿರುವುದಿಲ್ಲ.

೨. ಇಪ್ಪತ್ತನೇ ತಾರೀಖಿನೊಳಗೆ ಹಳೆಯ ಶಾಲೆಯಿಂದ ‘ಬೋನಫೈಡ್’ ತರದಿದ್ದಲ್ಲಿ ಸೀಟು ‘ಲ್ಯಾಪ್ಸ್’ ಆಗತಕ್ಕದ್ದೆಂದು ಪತ್ರದಲ್ಲಿ ನಮೂದಿಸಲಾಗಿತ್ತು. ಹುಡುಗಿ ವರ್ಗಾವಣೆ ಪತ್ರ ಪಡೆದು ಹೊರಟುಹೋಗಿರುವುದರಿಂದ ಆಕೆ ತಮ್ಮ ವಿದ್ಯಾರ್ಥಿನಿಯಲ್ಲ, ಬೋನಫೈಡ್ ಕೊಡಲು ಬರುವುದಿಲ್ಲ ಎಂದು ಶಾಲೆಯವರು ತಿಳಿಸಿದರು. ಪ್ರವೇಶವು ಇನ್ನೂ ಪ್ರಾವಿಷನಲ್ ಆಗಿರುವುದರಿಂದ ಆಕೆ ನಮ್ಮ ವಿದ್ಯಾರ್ಥಿನಿಯೂ ಅಲ್ಲವೆಂದು ಈ ಕಚೇರಿ ತಿಳಿಸಿತು. ತತ್ಪರಿಣಾಮವಾಗಿ ಹುಡುಗಿಯು ಹದಿನಾಲ್ಕು ದಿನಗಳ ಕಾಲ ಎಲ್ಲಿಯೂ ಇರಲಿಲ್ಲ. ಇದರಲ್ಲಿ ಕಚೇರಿಯ ಲೋಪವೇನೂ ಕಂಡುಬಂದಿರುವುದಿಲ್ಲ. ಸದರಿ ಅವಧಿಯಲ್ಲಿ ಹುಡುಗಿ ಸರಿಯಾಗಿ ಉಣ್ಣುತ್ತಿರಲಿಲ್ಲವೆಂದೂ, ಒಂದು ದಿನ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿ, “ನಾನೂ ನಿನ್ ಜೊತೆ ಮಿಷಿನ್‌ಗೇ ಕೂತ್ಕೋತೀನಿ ಬಿಡಮ್ಮಾ” ಎಂದಳೆಂದೂ ತಾಯಿಯ ಹೇಳಿಕೆಯಲ್ಲಿದೆ. ಈ ಬಗ್ಗೆ ಪ್ರತ್ಯೇಕ ಅರ್ಜಿ ಬಂದಿಲ್ಲವಾದ್ದರಿಂದ ಪರಿಗಣಿಸಲಾಗಿರುವುದಿಲ್ಲ.

೩. ಹೊಲಿಗೆಯಾಕೆಯು ನಾಲ್ಕರಿಂದಲೇ ಪ್ರತಿದಿನ ವರಾಂಡದ ಬೆಂಚಿನಲ್ಲಿ ಗುಂಡಿ ಹೊಲಿಯುತ್ತಾ ಕುಳಿತು, ಹೋಗಿಬರುವ ಉಪನ್ಯಾಸಕರನ್ನೂ ಗ್ರಂಥಪಾಲಕರನ್ನೂ ತಡೆದು ದಿನಕ್ಕೊಂದು ಪದದ ಅರ್ಥ ಕೇಳಿ, ಅದನ್ನು ಬಟ್ಟೆ ಕತ್ತರಿಸುವ ಮಾದರಿ ಕಾಗದದ ಮೇಲೆ ಬರೆದುಕೊಂಡಿರುತ್ತಾರೆ. ವಶಪಡಿಸಿಕೊಂಡ ಕಾಗದದ ಒಕ್ಕಣೆಯನ್ನು ಯಥಾವತ್ತಾಗಿ ಕೆಳಗೆ ನೀಡಿದೆ. ಸಿಬ್ಬಂದಿಯು ಇದನ್ನು ಓದತಕ್ಕದ್ದಲ್ಲ.

ಪ್ರಾವಿಷನಲ್: ಕಚ್ಚಾ ಹೊಲಿಗೆ. ಹಾಕ್ಕೊಂಡು ನೋಡ್ಬಹುದು, ಮನೆಗೆ ಒಯ್ಯೋ ಹಾಗಿಲ್ಲ.
ವೇಟಿಂಗ್ ಲಿಸ್ಟ್: ಬೇರೆಯವ್ರ ಅಳತೆಗೆ ಹೊಲಿದ ಅಂಗಿ. ಅವ್ರು ಬರ್ದಿದ್ರೆ ನಮ್ಗೆ.
ಎಲೆಕ್ಟಿವ್: ಯಾವ ಬಣ್ಣ ಬೇಕಾದ್ರೂ ಆರಿಸ್ಕೊಳ್ಳಿ ಅಂತಾರೆ. ಅಂಗಡೀಲಿರೋದು ಬೂದು ಒಂದೇ.
ಬ್ಯಾಕ್‌ಲಾಗ್: ಬಿಚ್ಚಿ ಮತ್ತೆ ಹೊಲಿಯೋದು. ನಾಚ್ಕೊಳ್ಳೋದೇನಿಲ್ಲ, ನಾನೂ ಬಿಚ್ಚಿದೀನಿ.
ಲ್ಯಾಪ್ಸ್: ಬಟ್ಟೆ ನಮ್ದು, ಕತ್ತರಿ ಅವ್ರದ್ದು.

ಸದರಿ ಅರ್ಥಗಳಿಗೆ ತಜ್ಞರ ಅನುಮೋದನೆ ಇರುವುದಿಲ್ಲ. ಸರಿಯಾದ ಅರ್ಥ ತಿಳಿಸುವಂತೆ ತಜ್ಞರನ್ನು ಕೋರಲಾಗಿ, ಅವರು ಕಾಲಾವಕಾಶ ಕೇಳಿರುತ್ತಾರೆ.

೪. ಹದಿನೆಂಟರಂದು ಬೋನಫೈಡ್ ಎಂಬ ಪದದ ಸರದಿ ಬಂದಿದೆ. ಸದ್ಯ ಓದುತ್ತಿರುವವರಿಗೆ ಮಾತ್ರ ಅದನ್ನು ಕೊಡುವುದೆಂದೂ, ಓದಿ ಮುಗಿಸಿದವರಿಗೆ ಕೊಡುವ ವ್ಯಾಸಂಗ ಪ್ರಮಾಣ ಪತ್ರವೇ ಬೇರೆಯೆಂದೂ ಗ್ರಂಥಪಾಲಕರು ಅಚಾತುರ್ಯದಿಂದ ತಿಳಿಸಿಬಿಟ್ಟಿರುತ್ತಾರೆ. ಆಕೆ ನೇರವಾಗಿ ಮೂರನೇ ಕೌಂಟರಿಗೆ ಬಂದು, “ಸಾರ್, ನಿಮ್ಗೆ ಬೇಕಾಗಿರೋದು ಓದಿ ಮುಗಿಸಿದ್ಳು ಅನ್ನೋ ಕಾಗ್ದ. ನೀವು ಕೇಳ್ತಿರೋದು ಓದ್ತಿದಾಳೆ ಅನ್ನೋ ಕಾಗ್ದ. ಪುಸ್ತಕ ತೆಗೆದು ನೋಡಿ” ಎಂದಿರುತ್ತಾರೆ. ಗುಮಾಸ್ತರು ನಿಯಮಾವಳಿಯ ಪುಸ್ತಕವನ್ನು ಫ್ಯಾನಿನ ಸ್ಟ್ಯಾಂಡಿನ ಕೆಳಗಿಂದ ಎಳೆದು ತೆಗೆದು, ಧೂಳಿಗೆ ನಾಲ್ಕು ಸಲ ಸೀನಿ, ಪುಟ ತಿರುವಿ ನೋಡಲಾಗಿ, ನಿಯಮವು ಆಕೆಯ ಪರವಾಗಿದ್ದುದು ಕಂಡುಬಂದಿದೆ. ಒಂಬತ್ತು ವರ್ಷಗಳ ಹಿಂದೆ ಪತ್ರದ ನಮೂನೆ ಅಚ್ಚಾಗುವಾಗಲೇ ಒಂದು ಪದದ ಜಾಗದಲ್ಲಿ ಇನ್ನೊಂದು ಬಿದ್ದಿದ್ದು, ಯಾರಿಗೂ ಅರ್ಥವಾಗದ ಕಾರಣ ಅದು ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಮರುದಿನ ಶಾಲೆಯವರು ಹತ್ತು ನಿಮಿಷದಲ್ಲಿ ಪ್ರಮಾಣ ಪತ್ರ ಕೊಟ್ಟಿದ್ದು, ಹನ್ನೊಂದು ಗಂಟೆಗೆ ಪ್ರವೇಶವನ್ನು ಖಾಯಂಗೊಳಿಸಲಾಗಿದೆ. ಹುಡುಗಿಯು ಮೊಹರನ್ನು ವರಾಂಡದಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಮೂರನೇ ಸಲ ಓದಲಾಗದೆ ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಿದ್ದು ನಿಶ್ಶಬ್ದ ವಲಯದ ಉಲ್ಲಂಘನೆಯಾಗಿರುತ್ತದೆ.

೫. ಇಲ್ಲಿಗೆ ಮುಗಿದಿದ್ದರೆ ಕಚೇರಿಯು ಕ್ಷಮಿಸುತ್ತಿತ್ತು. ಆದರೆ ತನ್ನ ಕೆಲಸ ಮುಗಿದ ಮೇಲೂ ಆಕೆ ಇಪ್ಪತ್ತರ ಬೆಳಿಗ್ಗೆ ಬಂದು ಅದೇ ಬೆಂಚಿನಲ್ಲಿ ಕುಳಿತು, ಅದೇ ಕಾಗದಕ್ಕಾಗಿ ಅಲೆಯುತ್ತಿದ್ದ ಇನ್ನೂ ಹನ್ನೊಂದು ಮನೆಯವರಿಗೆ ವಿಷಯ ತಿಳಿಸಿರುತ್ತಾರೆ. ಇವರಲ್ಲಿ ಕಾಲೇಜಿನದೇ ಬಡಗಿಯೂ ಇದ್ದರು. ಪ್ರತಿ ವರ್ಷ ತಾವಾಗಿಯೇ ಲ್ಯಾಪ್ಸ್ ಆಗಿ, ವಿಭಾಗದ ಹಿರಿಯರು ತಮಗೆ ಬೇಕಾದವರ ಮಕ್ಕಳಿಂದ ವಾತ್ಸಲ್ಯಪೂರ್ವಕವಾಗಿ ತುಂಬುತ್ತಿದ್ದ ಇಂಥ ಸೀಟುಗಳಲ್ಲಿ ಒಂದೂ ಈ ಬಾರಿ ಖಾಲಿಯಾಗಿರುವುದಿಲ್ಲ. ಹಿರಿಯರಿಗೆ ಇದರಿಂದ ನೆಂಟರ ಮನೆಗಳಿಗೆ ಹೋಗಿಬರುವುದು ಕಷ್ಟವಾಗಿದೆ.

೬. ಆದಕಾರಣ, ಸಂಬಂಧಪಟ್ಟವರಿಗೂ ಪಡದವರಿಗೂ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

(ಅ) ಕಚೇರಿಯ ಪದಗಳನ್ನು ಓದಬಹುದು, ಅರ್ಥ ಮಾಡಿಕೊಳ್ಳತಕ್ಕದ್ದಲ್ಲ.

(ಆ) ಅರ್ಥ ಬೇಕೇಬೇಕೆನ್ನುವವರು ‘ಅರ್ಥಾಪೇಕ್ಷಾ ನಮೂನೆ’ಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ನಮೂನೆಯಲ್ಲಿರುವ ಇಪ್ಪತ್ತೆರಡು ಪದಗಳ ಅರ್ಥಕ್ಕೆ ಇಪ್ಪತ್ತೆರಡು ಪ್ರತ್ಯೇಕ ನಮೂನೆಗಳು.

(ಇ) ಈಗಾಗಲೇ ಅರ್ಥ ಮಾಡಿಕೊಂಡಿರುವವರು ಏಳು ದಿನಗಳೊಳಗೆ ಸದರಿ ಅರ್ಥವನ್ನು ಎರಡನೇ ಕೌಂಟರಿಗೆ ಹಿಂದಿರುಗಿಸಿ ಸ್ವೀಕೃತಿ ಪಡೆಯತಕ್ಕದ್ದು. ಅರ್ಧಂಬರ್ಧ ಅರ್ಥವಾದವರಿಗೆ ವಿನಾಯಿತಿ ಇರುತ್ತದೆ. ಅವರು ಉದ್ಯೋಗಕ್ಕೂ ಅರ್ಜಿ ಹಾಕಬಹುದು.

(ಈ) ಸೂಜಿ, ದಾರ, ಸೀಮೆಸುಣ್ಣಗಳನ್ನು ಆವರಣದಲ್ಲಿ ನಿಷೇಧಿಸಲಾಗಿದೆ. ಉಪನ್ಯಾಸಕರು ಕಪ್ಪುಹಲಗೆಯ ಮೇಲೆ ಬೆರಳಿನಿಂದ ಬರೆಯತಕ್ಕದ್ದು.

(ಉ) ಬೆಂಚನ್ನು ಒಬ್ಬರಷ್ಟೇ ಕೂರುವಂತೆ ಮೊಟಕುಗೊಳಿಸಲು ಬಡಗಿಗೆ ಆದೇಶಿಸಲಾಗಿತ್ತು. ಅವರು ಬೆಂಚಿಗೆ ಮತ್ತೆರಡು ಕಾಲು ಕೊಟ್ಟು, ಒರಗಿಕೊಳ್ಳಲು ಹಲಗೆ ಹಾಕಿ, ಇನ್ನೂ ಮೂವರು ಕೂರುವಷ್ಟು ಉದ್ದ ಮಾಡಿರುತ್ತಾರೆ. ಕಾರಣ ಕೇಳಲಾಗಿ, ‘ಮೊಟಕುಗೊಳಿಸು’ ಎಂಬುದು ಕಚೇರಿಯ ಪದವಾದ್ದರಿಂದ ಮೊದಲೇ ಮೌಖಿಕವಾಗಿ ತಿಳಿಸಲಾಗಿದ್ದ ಮೇಲಿನ (ಅ) ನಿಯಮಕ್ಕೆ ತಲೆಬಾಗಿ ತಾನು ಅದನ್ನು ಅರ್ಥ ಮಾಡಿಕೊಳ್ಳಲಿಲ್ಲವೆಂದು ಲಿಖಿತವಾಗಿ ತಿಳಿಸಿರುತ್ತಾರೆ. ಶಿಸ್ತುಕ್ರಮಕ್ಕೆ ಅವಕಾಶವಿಲ್ಲವೆಂದು ವಿಷಾದದಿಂದ ದಾಖಲಿಸಲಾಗಿದೆ.

೭. ಕೊನೆಯದಾಗಿ, ಇಪ್ಪತ್ತೆಂಟರಂದು ಪರಿಶೀಲನೆಗೆ ಹೋದಾಗ ಮೂರನೇ ಕೌಂಟರಿನ ಗುಮಾಸ್ತರು ಕರ್ತವ್ಯದ ವೇಳೆಯಲ್ಲಿ ಸದರಿ ಬೆಂಚಿನ ತುದಿಯಲ್ಲಿ ಕುಳಿತಿದ್ದುದು ಕಂಡುಬಂದಿದೆ. ಅವರ ಕೈಯಲ್ಲಿ ಬೇರೊಂದು ಕಾಲೇಜಿನಿಂದ ಅವರ ಮಗಳಿಗೆ ಬಂದ ಪತ್ರವಿತ್ತು. ಹೊಲಿಗೆಯಾಕೆಯು ಮಡಿಲಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, “ಇತ್ಲಾಗೆ ಬನ್ನಿ ಅಣ್ಣಾ, ಮೊದಲ್ನೇ ಸಾಲಿಂದ ಓದೋಣ” ಎಂದಿದ್ದನ್ನು ಪರಿಶೀಲಕರು ಸ್ವತಃ ಕೇಳಿರುತ್ತಾರೆ. ನೋಟಿಸಿಗೆ ಗುಮಾಸ್ತರು ನೀಡಿರುವ ಉತ್ತರ ಹೀಗಿದೆ: “ಹತ್ತೊಂಬತ್ತು ವರ್ಷದಿಂದ ಇಂಥ ಪತ್ರ ಕಿಟಕಿಯಿಂದ ಆಚೆ ಕೊಡ್ತಿದೀನಿ ಸಾರ್. ನಮ್ಮನೆ ಬಾಗಿಲಿಗೇ ಒಂದು ಬಂತು. ಹೀಗಂದ್ರೆ ಏನಪ್ಪಾ ಅಂತ ಮಗಳು ಕೇಳಿದ್ಳು. ನನಗೆ ಗೊತ್ತಿರ್ಲಿಲ್ಲ.”

ಸದರಿ ಉತ್ತರವು ಓದಿದವರಿಗೆಲ್ಲ ಕೂಡಲೇ ಅರ್ಥವಾಗಿರುವುದರಿಂದ, ಕಚೇರಿ ಭಾಷೆಯಲ್ಲಿಲ್ಲವೆಂದು ತಿರಸ್ಕರಿಸಲಾಗಿದೆ.

ಸಹಿ/- (ಓದಲಾಗುವುದಿಲ್ಲ)
ಪ್ರವೇಶಾಧಿಕಾರಿಗಳು

ಪ್ರತಿಗಳು:
೧. ಎಲ್ಲ ಕೌಂಟರುಗಳಿಗೆ, ಅಕ್ಷರಗಳು ಗೋಡೆಯ ಕಡೆಗಿರುವಂತೆ ಅಂಟಿಸಲು.
೨. ಗ್ರಂಥಪಾಲಕರಿಗೆ, ನಿಘಂಟುಗಳಿಗೆ ಬೀಗ ಹಾಕಿ ಬೀಗದ ಕೈಯನ್ನು ಕಳೆದುಹಾಕುವ ಕೋರಿಕೆಯೊಂದಿಗೆ.
೩. ತಜ್ಞರಿಗೆ, ಮತ್ತಷ್ಟು ಕಾಲಾವಕಾಶ ನೀಡಿ.
೪. ಬಡಗಿಗೆ, ಮೌಖಿಕವಾಗಿ, ಸರಳ ಮಾತಿನಲ್ಲಿ.
೫. ಮೂರನೇ ಕೌಂಟರಿನ ಗುಮಾಸ್ತರಿಗೆ, ಬೆಂಚಿನ ವಿಳಾಸಕ್ಕೆ.